ಹುಂಜದ ಬಾಕಿ

ಬೋಳುಕುತ್ತಿಗೆಯ ಹೇಂಟೆ ಗೂಡಿಗೆ ಬಾರದ ರಾತ್ರಿ
ಬ್ಯಾಟರಿ ಹಿಡಿದು ತೊಂಡೆ ಚಪ್ಪರದ ಅಡಿ, ಬಚ್ಚಲ ಹಿಂದೆ,
ಪಾಂಗಾಳದ ಹೊಳೆಬದಿಯ ಮುಂಡೇವಿನ ಪೊದೆಯವರೆಗೂ ಹೋದೆ.
ಬೋ ಬೋ ಬೋ ಎಂದು ಕರೆದರೆ ಉಳಿದ ಆರು
ಗೂಡೊಳಗೇ ಗೊಣಗಿದವು, ತವುಡಿನ ಹೊತ್ತಾಯಿತೇ ಎಂದು.

ಕೀರಿಯಾದರೆ ಪುಕ್ಕ ಇರಬೇಕಿತ್ತು.
ಗಿಡುಗ ರಾತ್ರಿ ಬರುವುದಿಲ್ಲ.
ಹೆಬ್ಬಾವಾದರೆ ಹೋದ ವರ್ಷದ ಹಾಗೆ ಗೂಡಿಗೇ ನುಗ್ಗಿ
ನುಂಗಿದ ಹೊಟ್ಟೆ ಹೊರಗೆ ಹೋಗದೆ
ಸಂದಿಯಲ್ಲಿ ಸಿಕ್ಕಿಬೀಳುತ್ತಿತ್ತು.
ಹಾಗಾದರೆ ಎರಡು ಕಾಲಿನದ್ದೇ.

ಸುಳ್ಳು ಯಾಕೆ, ಅವಳನ್ನು ಸಾರಿಗೆಂದು ನಾನೇ ಗುರುತು ಹಾಕಿದ್ದೆ.
ಬೀಡಿ ಪಾಸ್‌ಬುಕ್ಕಿನ ಕೊನೆಯ ಪುಟದಲ್ಲಿ
ಒಂದೊಂದು ಹೇಂಟೆಗೆ ಒಂದೊಂದು ಸಾಲು, ಮೊಟ್ಟೆಗೊಂದು ಗೀಟು.
ಅವಳ ಸಾಲು ತಿಂಗಳಿಂದ ಖಾಲಿ.
ಮೈದುನ ಬರಲಿ, ರೊಟ್ಟಿ ತರಲಿ ಎಂದು ಕಾದಿದ್ದೆ.

ಮರುದಿನ ಬೇಲಿಯಾಚೆ ಪ್ರೆಸಿಲ್ಲಾ ಬಾಯಿಯ ಅಡುಗೆಮನೆಯಿಂದ
ಹುರಿದ ಕೊತ್ತಂಬರಿ, ಮೆಂತೆ, ಒಣಮೆಣಸು, ಕುದಿಯುವ ಕಾಯಿಹಾಲು.
ಎಲೆ ಕತ್ತರಿಸುವ ಕತ್ತರಿ ಕೈಯಲ್ಲೇ ನಿಂತಿತು.
ಭಾನುವಾರವಲ್ಲ, ಹಬ್ಬವಲ್ಲ, ಬರೇ ಮಂಗಳವಾರ!
ಅವಳ ಹಲಸಿನ ಬೇರು ನನ್ನ ಚರಂಡಿ ಒಡೆದಂದಿನಿಂದ
ಎರಡು ವರ್ಷ, ನಮಗೆ ಮಾತಿಲ್ಲ.
ಕೇಳುವುದು ಹೇಗೆ? ಮೂಗು ಮಾತ್ರ ಬೇಲಿ ದಾಟಿತು.

ಸಂಜೆ ಗುಳಿಗನ ಕಲ್ಲಿಗೆ ದೀಪ ಇಟ್ಟು ಹೇಳಿಯೇಬಿಟ್ಟೆ:
ತಿಂದವರ ಹೊಟ್ಟೆ ಕೆಂಡವಾಗಲಿ,
ಮೂರು ದಿನ ಪಾಯಿಖಾನೆಯ ಬಾಗಿಲು ಬಿಡದಿರಲಿ,
ನಿನಗೊಂದು ಹುಂಜ.
ಕೆಂಪು ಹುಂಜ ಎಂದೆನೋ, ಬರೇ ಹುಂಜ ಎಂದೆನೋ,
ಈಗ ನೆನಪಿಲ್ಲ.

ಬಾಯಿಯ ಹೊಟ್ಟೆಗೆ ಏನೂ ಆಗಲಿಲ್ಲ.
ಬಂಗುಡೆಯವನ ಹಾರ್ನಿಗೆ ನನಗಿಂತ ಮೊದಲೇ ಓಡುವಳು,
ಚೌಕಾಸಿಯ ಸ್ವರ ಒಂದಿಷ್ಟೂ ಇಳಿದಿಲ್ಲ.
ಪೊರ್ಬುಗಳ ಮನೆಯ ದಾರಿ
ಗುಳಿಗನಿಗೆ ಗೊತ್ತಿಲ್ಲವೇನೋ ಎಂದುಕೊಂಡೆ.

ನಿನ್ನೆ ಕಟ್ಟಿದ ಬೀಡಿ ಹಿಡಿದು ಕಟಪಾಡಿಯ ಬ್ರಾಂಚಿಗೆ ಹೊರಟಿದ್ದೆ.
ಬೇಲಿಯ ತೂತಿನಿಂದ ಮೊದಲು ಬೋಳು ಕುತ್ತಿಗೆ,
ಆಮೇಲೆ ಎದೆಯ ಪುಕ್ಕ ಉದುರಿದ ಬಡಕಲು ಮೈ,
ಆಮೇಲೆ ಒಂದು, ಎರಡು, ನಾಲ್ಕು, ಅಲ್ಲ ಐದು,
ನಿಲ್ಲದೆ ಓಡುವುದನ್ನು ಎಣಿಸುವುದು ಹೇಗೆ,
ಒಂಬತ್ತು.
ಮುಟ್ಟಲು ಹೋದರೆ ಕುಕ್ಕಿದಳು,
ದಿನಾ ಗಂಜಿ ಹಾಕಿದ ಕೈಯನ್ನೇ.

ಬೇಲಿಯ ಮೇಲೆ ಬಾಯಿಯ ಮುಖ.
“ನಮ್ಮ ಸೌದೆ ಕೊಟ್ಟಿಗೆಯಲ್ಲಿ ಕೂತಿತ್ತು. ಹನ್ನೊಂದು ಮೊಟ್ಟೆ, ಎರಡು ಹಾಳು.
ಗುಡುಗಿದ ದಿನ ಒಂದು ಕಬ್ಬಿಣದ ಮೊಳೆ ಇಟ್ಟೆ ಪಕ್ಕಕ್ಕೆ.”
ಹೇಳಬಾರದಿತ್ತೇ?
“ನೀನು ಮಾತಾಡುವುದಿಲ್ಲವಲ್ಲ.”
ಆ ಮಂಗಳವಾರದ ಸಾರು?
“ಬ್ರಾಯ್ಲರ್, ಮಾರಾಯ್ತಿ. ಹತ್ತಿ ಅಗಿದ ಹಾಗೆ.
ನಿನಗೆ ಅಷ್ಟು ದೂರ ವಾಸನೆ ಬಂತೇ?”

ಚರಂಡಿಯ ಮಾತು ಇಬ್ಬರೂ ಎತ್ತಲಿಲ್ಲ.
ಕೊಟ್ಟಿಗೆಯ ಬಾಡಿಗೆಗೆ ಒಂದು ಹೇಂಟೆ ಕೇಳಿದಳು, ದೊಡ್ಡದಾದ ಮೇಲೆ.
ಆಗಲಿ ಎಂದೆ. ಮೊಳೆ ವಾಪಸ್ಸು ಬೇಕಂತೆ.

ರಾತ್ರಿ ಕಲ್ಲಿನ ಎದುರು ನಿಂತೆ, ಬಾಯಿ ಬರಲಿಲ್ಲ.
ಕಳ್ಳರೇ ಇಲ್ಲದ ಕಳವಿಗೆ ಹೇಳಿಕೊಂಡ ಹರಕೆ
ಹರಕೆಯೋ ಅಲ್ಲವೋ, ಯಾರನ್ನು ಕೇಳಲಿ?
ಕೇಳಿದರೆ, ಹೊಟ್ಟೆ ಉಬ್ಬಲಿ ಎಂದದ್ದು ಯಾರಿಗೆ
ಅಂತಲೂ ಹೇಳಬೇಕಲ್ಲ.
ಗುಳಿಗ ಸುಮ್ಮನಿದ್ದ. ಸಾಲ ಕೊಟ್ಟವರು
ಅವಸರವಿಲ್ಲದಾಗ ಇರುವ ಹಾಗೆ.

ಬುಟ್ಟಿಯಡಿಯಿಂದ ಒಂದೊಂದನ್ನೇ ಎತ್ತಿ
ಚಿಮಿಣಿಯ ಬೆಳಕಿಗೆ ಹಿಡಿದು ನೋಡಿದೆ.
ಒಂದು ಬಾಯಿಗೆ, ಒಂದು ಗುಳಿಗನಿಗೆ,
ಕಾಗೆ, ರೋಗ ಎಂದು ಎರಡು ಹೇಗೂ ಹೋಗುತ್ತದೆ,
ಮೈದುನ ಬೇರೆ ಫೋನು ಮಾಡಿದ್ದಾನೆ.
ಹುಂಜ ಯಾವುದು, ಹೇಂಟೆ ಯಾವುದು,
ಮೂರು ದಿನದ ಮರಿಯಲ್ಲಿ ಏನು ತಿಳಿಯುತ್ತದೆ?
ಎಲ್ಲವೂ ಒಂದೇ ಬಿಸಿ,
ಮುಷ್ಟಿಯೊಳಗೆ ಒಂದೇ ಡವಡವ.

ಬುಟ್ಟಿ ಮಗುಚಿ ಮೇಲೆ ಕಲ್ಲು ಹೇರಿದೆ.
ಒಳಗಿಂದ ಇನ್ನೊಮ್ಮೆ ಕುಕ್ಕಿದಳು.